ನಮ್ಮ ಮಕ್ಕಳನ್ನು ಶಾಲೆಗೆ ತರುವ ಬಸ್ಸುಗಳ ವಿಚಾರ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಒಂದು ಲೇಖನವನ್ನು ಬರೆದುಕೊಡುವುದು ನಮ್ಮ ಶಾಲೆಯ ಪದ್ಧತಿಯಾಗಿರುತ್ತದೆ. ಅಂಥ ಲೇಖನದ ವಿಷಯವು ಸಾಧಾರಣವಾಗಿ ಸ್ತ್ರೀವಿದ್ಯೆ, ಗೃಹಕೃತ್ಯ, ಶಿಸ್ತು, ಇಲ್ಲವೆ ಮಿಶನ್ನಿನ ಹಿರಿಯರ ಸೇವೆ, ಇವುಗಳಲ್ಲಿ ಯಾವುದಾದರೊಂದು ಆಗಿರುವುದು. ಈ ಸಾರಿ ನಾನು ಬಸ್ಸುಗಳನ್ನು ಕುರಿತು ಬರೆಯುವೆನೆಂದು ತಿಳಿಸಿದಾಗ ಸಂಚಿಕೆಯ ಮಂಡಲಿಯಲ್ಲಿರುವ ನಮ್ಮ ಉಪಾಧ್ಯಾಯಿನಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರ ಸಂಶಯವು ನ್ಯಾಯವಾದುದೇ. ಆದರೆ ಪ್ರಾರ್ಥನೆಯ ಗಂಟೆ ಹೊಡೆಯುವುದಕ್ಕೆ ಕಾಲು ಗಂಟೆ ಮುಂಚೆ ನಮ್ಮ ಬಾಗಿಲ ಬಳಿ ನಿಂತು ನೋಡಿದವರಿಗೆ ನನ್ನ ಮನಸ್ಸು ತಿಳಿದೀತು. ಲಿಂಗರಾಜಪುರದವರೇ ಆದ ಮಕ್ಕಳು ನಡೆದು ಬರುವರು. ಕೆಲವರನ್ನು ತಂದೆಯರು ಸ್ಕೂಟರಿನ ಮೇಲೆ ಕರೆತರುವರು. ಉಳಿದವರು ಶಿವಾಜಿನಗರದ ಕಡೆಯಿಂದಲೂ ಹೆಣ್ಣೂರಿನ ಕಡೆಯಿಂದಲೂ ಬಸ್ಸುಗಳಿಂದ ಇಳಿದು, ಚೀಲಗಳನ್ನು ಎದೆಗೆ ಅವಚಿಕೊಂಡು ಓಡಿ ಬರುವರು. ಈ ಶಾಲೆಯಲ್ಲಿ ಓದಿ ಹೋದ ನಿಮ್ಮಲ್ಲಿ ಎಷ್ಟೋ ಮಂದಿ ಹಾಗೆಯೇ ಓಡಿ ಬಂದವರು. ಹೀಗಿರಲು, ಆ ಬಸ್ಸು ಯಾರದು, ಅದು ಯಾವ ಏರ್ಪಾಡಿನಿಂದ ನಡೆಯುತ್ತದೆ, ಬಾರದೆ ಹೋದಾಗ ಏತಕ್ಕೆ ಬಾರದು ಎಂಬುದನ್ನು ನಾವು ವಿಚಾರಿಸದೆ ಇರುವುದೇ ಆಶ್ಚರ್ಯವಲ್ಲವೆ?

ಮೊದಲು ಹಿಂದಿನ ಸಂಗತಿಗಳನ್ನು ಸ್ವಲ್ಪ ಹೇಳುವೆನು. ನಾವಿರುವ ಈ ಕಡೆಯನ್ನು ಹಿರಿಯರು ಇಂದಿಗೂ ‘ದಂಡು’ ಎಂದೇ ಕರೆಯುವರು. ಹಲಸೂರಿನ ಬಳಿ ಇಂಗ್ಲಿಷರ ಸೈನ್ಯವು ಬಂದು ನೆಲಸಿದುದು ೧೮೦೯ರ ಸುಮಾರಿಗೆ. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿನ ಸ್ಟೇಷನ್ನಿಗೆ ರೈಲು ಬಂದಿತು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಮಹಾರಾಜರಿಗೆ ಹಿಂದಿರುಗಿದಾಗಲೂ ದಂಡು ಪ್ರದೇಶವು ಮಾತ್ರ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಕೈಕೆಳಗೆ ಉಳಿಯಿತು. ಹೀಗೆ ಒಂದೇ ಬೆಂಗಳೂರಿನಲ್ಲಿ ಎರಡು ಊರುಗಳು, ಎರಡು ಆಡಳಿತಗಳು. ಪೇಟೆಯವನು ದಂಡಿಗೆ ಬರಬೇಕಾದರೆ ಜಟಕಾ ಗಾಡಿ, ಕಾಸಿಲ್ಲದವನಿಗೆ ಕಾಲುನಡಿಗೆ. ಹೆಣ್ಣುಮಕ್ಕಳ ವಿಷಯವನ್ನು ಕೇಳುವುದೇ ಬೇಡ. ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಶಾಲೆಯಿದ್ದರೆ ಓದು, ಇಲ್ಲದಿದ್ದರೆ ಒಲೆ. ಆ ದಿನಗಳ ಮಿಶನ್ ಶಾಲೆಗಳಿಗೆ ಬೋರ್ಡಿಂಗ್ ಮನೆ ಏತಕ್ಕೆ ಅಷ್ಟು ಮುಖ್ಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಹುಡುಗಿಯು ದಿನವೂ ಬಂದು ಹೋಗುವ ಮಾರ್ಗವಿಲ್ಲದಿದ್ದುದರಿಂದ ಅವಳನ್ನು ಶಾಲೆಯಲ್ಲಿಯೇ ಇಟ್ಟುಕೊಳ್ಳಬೇಕಾಗಿತ್ತು.

೧೯೩೯ರ ಮೋಟಾರು ವಾಹನಗಳ ಶಾಸನವು ಬಸ್ಸು ನಡೆಸುವವರು ಸರಕಾರದಿಂದ ಪರ್ಮಿಟ್ಟು ಪಡೆಯತಕ್ಕದ್ದೆಂಬ ಕ್ರಮವನ್ನು ಬಿಗಿಪಡಿಸಿತು. ಮರುವರ್ಷ, ೧೯೪೦ರಲ್ಲಿ, ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯೆಂಬ ಖಾಸಗಿ ಕಂಪನಿಯು ನಗರದೊಳಗೆ ಕ್ರಮವಾದ ಬಸ್ಸುಗಳನ್ನು ನಡೆಸತೊಡಗಿತು. ಜನರು ಅದನ್ನು ಬಿ.ಟಿ.ಸಿ. ಎಂದರು. ಅದು ಎಂಥ ಕಾಲದಲ್ಲಿ ಹುಟ್ಟಿತೆಂಬುದನ್ನು ನೋಡಿರಿ: ಯುದ್ಧವು ಆರಂಭವಾಗಿದ್ದಿತು, ಕೆಲವೇ ವರ್ಷಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. ಆಗ ನಮ್ಮ ದೇಶದ ಅನೇಕ ಕಡೆಗಳಲ್ಲಿ ಬಸ್ಸುಗಳು ಇದ್ದಲಿನಿಂದ ನಡೆದುವು. ಗಾಡಿಯ ಹಿಂದೆ ಇಲ್ಲವೆ ಪಕ್ಕದಲ್ಲಿ ಒಂದು ಕಬ್ಬಿಣದ ಹಂಡೆಯಿರುವುದು. ಅದರಲ್ಲಿ ಇದ್ದಲನ್ನು ತುಂಬಿ, ಸಾಲದಷ್ಟು ಗಾಳಿಯನ್ನು ಬಿಟ್ಟು ಉರಿಸಿದರೆ, ಪೂರ್ತಿಯಾಗಿ ಸುಡದೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುವುದು. ಆ ಅನಿಲವನ್ನು ಸೋಸಿ ತಣ್ಣಗೆ ಮಾಡಿ ಎಂಜಿನ್ನಿಗೆ ಕೊಟ್ಟರೆ ಪೆಟ್ರೋಲಿನ ಬದಲಿಗೆ ಅದೇ ಉರಿಯುವುದು. ಬೆಳಿಗ್ಗೆ ಎದ್ದು ಹಂಡೆಯನ್ನು ಹೊತ್ತಿಸಿ, ಗಾಳಿ ಹಾಕಿ, ಅನಿಲ ಬರುವವರೆಗೆ ಕಾಯಬೇಕು. ಶಕ್ತಿಯೂ ಕಡಿಮೆ, ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಒಮ್ಮೊಮ್ಮೆ ತಳ್ಳಲೂ ಬೇಕು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಒಂಬತ್ತನೆಯ ತರಗತಿಯಲ್ಲಿ ಅಪೂರ್ಣ ದಹನದ ಪಾಠಕ್ಕೆ ಈ ಬಸ್ಸನ್ನೇ ಉದಾಹರಣೆಯಾಗಿ ಹೇಳುವರು. ಮಕ್ಕಳು ಪಾಠವನ್ನು ಮರೆತರೂ ಬಸ್ಸನ್ನು ಮರೆಯುವುದಿಲ್ಲ.

೧೯೪೭ರ ಜುಲೈ ತಿಂಗಳಿನಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಸೇರಿತು. ೧೯೪೯ರಲ್ಲಿ ಪೇಟೆಯ ಮತ್ತು ದಂಡಿನ ಎರಡು ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ೧೯೫೬ರಲ್ಲಿ ಸರಕಾರವು ಬಿ.ಟಿ.ಸಿ.ಯನ್ನು ವಹಿಸಿಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಎಂದರೆ ಬಿ.ಟಿ.ಎಸ್., ಎಂಬ ಹೆಸರನ್ನಿಟ್ಟಿತು. ಅಷ್ಟರಲ್ಲಿಯೇ ಹೊರ ಊರುಗಳ ಬಸ್ಸುಗಳಿಗಾಗಿ ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆಯು ೧೯೪೮ರ ಸೆಪ್ಟೆಂಬರ್ ೧೨ರಂದು ೧೨೦ ಬಸ್ಸುಗಳೊಡನೆ ಆರಂಭವಾಗಿದ್ದಿತು. ಆ ಇಲಾಖೆಯು ೧೯೬೧ರಲ್ಲಿ ನಿಗಮವಾಯಿತು, ಅದೇ ವರ್ಷದಲ್ಲಿ ಬಿ.ಟಿ.ಎಸ್. ಅದಕ್ಕೆ ಸೇರಿತು, ೧೯೭೩ರಲ್ಲಿ ರಾಜ್ಯದ ಹೆಸರು ಕರ್ನಾಟಕವೆಂದಾದ ಬಳಿಕ ನಿಗಮದ ಹೆಸರೂ ಬದಲಾಯಿತು. ೧೯೯೭ರ ಆಗಸ್ಟ್ ೧೫ರಂದು ನಗರದ ಬಸ್ಸುಗಳು ಮರಳಿ ಬೇರೆಯಾಗಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಎಂದರೆ ಬಿ.ಎಂ.ಟಿ.ಸಿ., ಹುಟ್ಟಿತು. ಇಷ್ಟು ಹೆಸರುಗಳು ಬದಲಾದರೂ ನನ್ನ ತಾಯಿಯವರಿಗೆ ಇಂದಿಗೂ ಅದು ‘ಬಿ.ಟಿ.ಎಸ್. ಬಸ್ಸೇ’. ನಿಮ್ಮ ಮನೆಗಳಲ್ಲಿಯೂ ಹೀಗೆ ಹೇಳುವವರು ಇರಬಹುದು. ಮುಂದೆ ರಜನೀಕಾಂತ್ ಎಂದು ಪ್ರಸಿದ್ಧರಾದ ಶಿವಾಜಿರಾವ್ ಗಾಯಕವಾಡರು ೧೯೭೦ರ ದಶಕದ ಮೊದಲಲ್ಲಿ ಕಂಡಕ್ಟರಾಗಿದ್ದುದು ಈ ಬಿ.ಟಿ.ಎಸ್.ನಲ್ಲಿಯೇ. ಇದನ್ನು ಬರೆಯದಿದ್ದರೆ ನಮ್ಮ ಹತ್ತನೆಯ ತರಗತಿಯವರು ಲೇಖನವು ಅಪೂರ್ಣವೆನ್ನುವರು, ಆದಕಾರಣ ಬರೆದಿದ್ದೇನೆ.

ಇನ್ನು ವಾಹನಗಳ ವಿಷಯ. ಬಸ್ಸು ಎಂಬುದು ಪೂರ್ವದಲ್ಲಿ ಇಡಿಯಾಗಿ ಒಂದೇ ಕಡೆ ತಯಾರಾಗಿ ಬರುವ ವಸ್ತುವಾಗಿರಲಿಲ್ಲ. ಎಂಜಿನ್ನು, ಚಕ್ರ, ಅಡಿಯ ಚೌಕಟ್ಟು, ಇವುಗಳಿಂದ ಕೂಡಿದ ಚಾಸಿಯು ಒಂದು ಕಾರ್ಖಾನೆಯಿಂದ ಬರುವುದು. ಅದರ ಮೇಲೆ ಗೋಡೆ, ಮಾಡು, ಆಸನಗಳನ್ನು ಕಟ್ಟುವುದು ಇನ್ನೊಂದು ಕಡೆ. ಇದಕ್ಕೆ ‘ಬಾಡಿ ಕಟ್ಟುವುದು’ ಎನ್ನುವರು. ರಾಜ್ಯದ ನಿಗಮಕ್ಕೆ ಕೆಂಗೇರಿಯಲ್ಲಿಯೂ ಹಾಸನದಲ್ಲಿಯೂ ಸ್ವಂತ ಕಾರ್ಯಾಗಾರಗಳುಂಟು. ಲಾರಿಗಾಗಿ ಮಾಡಿದಂಥ ಎತ್ತರದ ಚಾಸಿಯ ಮೇಲೆ ಬಸ್ಸನ್ನು ಕಟ್ಟಿದುದರಿಂದ ಮೆಟ್ಟಿಲುಗಳೂ ಎತ್ತರವಾದುವು. ಸೀರೆಯುಟ್ಟ ಹೆಂಗಸು, ಬಸುರಿ, ಮುದುಕಿ, ಐದನೆಯ ತರಗತಿಯ ಮಗು, ಇವರೆಲ್ಲರೂ ಆ ಮೆಟ್ಟಿಲನ್ನು ಹತ್ತುವಾಗ ಪಡುವ ಪಾಡನ್ನು ನೋಡಿದರೆ, ಅದನ್ನು ಅಳತೆ ಮಾಡಿದವನು ಉದ್ದ ಕಾಲಿನ ಗಂಡಸೇ ಇರಬೇಕೆಂದು ತೋರುವುದು. ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಎರಡು ಅಂತಸ್ತಿನ ಬಸ್ಸುಗಳನ್ನು ನಿಮ್ಮಲ್ಲಿ ಹಿರಿಯರು ನೆನೆಯುವಿರಿ. ಅವು ೧೯೯೦ರ ದಶಕದ ಕೊನೆಯ ಹೊತ್ತಿಗೆ ಬೀದಿಯಿಂದ ಮರೆಯಾದುವು. ಮೇಲಿನ ಅಂತಸ್ತಿನ ಮುಂದಿನ ಆಸನಕ್ಕಾಗಿ ನಾನೂ ನನ್ನ ತಮ್ಮನೂ ಜಗಳವಾಡಿದುದುಂಟು. ೨೦೦೫-೦೬ರ ಸುಮಾರಿಗೆ ‘ವಜ್ರ’ ಎಂಬ ಹೆಸರಿನ ವೋಲ್ವೋ ಬಸ್ಸುಗಳು ಬಂದುವು. ವೋಲ್ವೋ ಕಂಪನಿಯ ಕಾರ್ಖಾನೆಯು ನಮ್ಮ ಪೂರ್ವ ದಿಕ್ಕಿನ ಹೊಸಕೋಟೆಯಲ್ಲಿಯೇ ಇರುತ್ತದೆ. ಎಂಜಿನ್ನು ಹಿಂದಕ್ಕೆ ಹೋಗಿ ನೆಲವು ತಗ್ಗಾದುದರಿಂದ ಹತ್ತಿ ಇಳಿಯುವುದು ಸುಲಭವಾಯಿತು. ಆದರೆ ದರವು ಹೆಚ್ಚಾದುದರಿಂದ ಆ ಸುಲಭವು ನಮ್ಮ ಮಕ್ಕಳಿಗೆ ದೊರೆಯಲಿಲ್ಲ.

ಈಚೆಗೆ ಬಂದಿರುವುದು ವಿದ್ಯುತ್ತಿನ ಬಸ್ಸು. ೨೦೨೨ರಿಂದ ಈಚೆಗೆ ನೂರಾರು ಸಂಖ್ಯೆಯಲ್ಲಿ ಬಂದಿರುವ ಈ ಗಾಡಿಗಳಲ್ಲಿ ಎಂಜಿನ್ನಿನ ಗರ್ಜನೆಯಿಲ್ಲ, ಹೊಗೆಯಿಲ್ಲ. ಇವುಗಳಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಅದು ತಂದೆತಾಯಿಗಳಲ್ಲಿ ಬಹುಮಂದಿಗೆ ತಿಳಿಯದು. ಹಳೆಯ ಡೀಸೆಲ್ ಬಸ್ಸುಗಳಲ್ಲಿ ಗಾಡಿ, ಡ್ರೈವರು, ಕಂಡಕ್ಟರು ಎಲ್ಲವೂ ಸಂಸ್ಥೆಯವೇ. ವಿದ್ಯುತ್ ಬಸ್ಸುಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಗುತ್ತಿಗೆದಾರನಾದ ಕಂಪನಿಯು ಗಾಡಿಯನ್ನು ಕೊಂಡು, ಡ್ರೈವರನ್ನು ನೇಮಿಸಿ, ದುರಸ್ತಿ ಮಾಡಿಸಿ ನಡೆಸತಕ್ಕದ್ದು. ಸಂಸ್ಥೆಯು ಮಾರ್ಗವನ್ನು ಗೊತ್ತುಮಾಡಿ, ತನ್ನ ಕಂಡಕ್ಟರನ್ನು ಕಳುಹಿಸಿ, ಟಿಕೆಟ್ಟಿನ ಹಣವನ್ನು ತಾನು ಪಡೆದು, ಓಡಿದ ಕಿಲೋಮೀಟರಿಗೆ ಇಷ್ಟೆಂದು ಕಂಪನಿಗೆ ಕೊಡತಕ್ಕದ್ದು. ಎರಡನ್ನೂ ಗುರುತಿಸುವುದು ಹೇಗೆಂದರೆ, ಗಾಡಿಯ ನಂಬರಿನ ಫಲಕವನ್ನು ನೋಡಿರಿ. ಕೆ.ಎ. ೫೭ ಎಫ್ ಎಂಬಂತೆ ನಡುವೆ ‘ಎಫ್’ ಅಕ್ಷರವಿದ್ದರೆ ಅದು ಸರಕಾರದ ನಿಗಮದ ಸ್ವಂತ ಗಾಡಿ. ಗುತ್ತಿಗೆಯ ಗಾಡಿಗೆ ಸಾಮಾನ್ಯವಾಗಿ ಆ ಅಕ್ಷರವಿರುವುದಿಲ್ಲ. ಮಗಳು ಬಸ್ಸಿನಲ್ಲಿ ಏನಾದರೂ ತೊಂದರೆಯಾಯಿತೆಂದು ಬಂದು ಹೇಳಿದರೆ ‘ನೀಲಿ ಬಸ್ಸು, ಮೀಸೆಯ ಡ್ರೈವರು’ ಎಂದು ದೂರು ಬರೆದರೆ ಯಾರಿಗೂ ಏನೂ ಮಾಡಲಾಗದು. ನಂಬರು, ಮಾರ್ಗ, ವೇಳೆ, ಈ ಮೂರನ್ನು ಬರೆದುಕೊಳ್ಳುವುದನ್ನು ನಮ್ಮ ಮಕ್ಕಳಿಗೆ ನಾವು ಕಲಿಸಿದ್ದೇವೆ.

ಮಾರ್ಗದ ಸಂಖ್ಯೆಗಳು ಹೊಸಬರಿಗೆ ಗೊಂದಲವಾಗಿ ಕಾಣುವುವು. ಆದರೆ ಅವುಗಳಲ್ಲಿ ಒಂದು ಕ್ರಮವಿರುತ್ತದೆ. ಒಂದೊಂದು ದಿಕ್ಕಿಗೆ ಒಂದೊಂದು ಗುಂಪಿನ ಸಂಖ್ಯೆಗಳು. ಶಿವಾಜಿನಗರದಿಂದ ಹೆಣ್ಣೂರು ಮುಂತಾದ ಈಶಾನ್ಯದ ಕಡೆಗೆ ೨೯೦ರ ಆಸುಪಾಸಿನವು; ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡ್, ಕಾಡುಗೋಡಿಗಳ ಕಡೆಗೆ ೩೩೫; ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ೫೦೦ರ ಗುಂಪಿನವು. ಸಂಖ್ಯೆಯ ಮುಂದೆ ಒಂದು ಅಕ್ಷರವಿದ್ದರೆ, ಅದೇ ಮಾರ್ಗವು ಎಲ್ಲಿಯೋ ಕವಲೊಡೆದು ಬೇರೆ ಬೀದಿಯಲ್ಲಿ ಹೋಗುವುದೆಂದು ಅರ್ಥ. ಅಕ್ಷರವನ್ನು ನೋಡದೆ ಹತ್ತಿದ ನಮ್ಮ ಆರನೆಯ ತರಗತಿಯ ಒಂದು ಮಗುವು ಗೊತ್ತಿಲ್ಲದ ಬಡಾವಣೆಯಲ್ಲಿ ಇಳಿದು ಅಳುತ್ತಾ ನಿಂತುದನ್ನೂ, ಆ ಬಸ್ಸಿನ ಕಂಡಕ್ಟರೇ ಎದುರಿನಿಂದ ಬಂದ ಬಸ್ಸಿಗೆ ಹತ್ತಿಸಿ ಕಳುಹಿಸಿದುದನ್ನೂ ನಾವು ಕಂಡಿದ್ದೇವೆ. ಆ ಪುಣ್ಯಾತ್ಮನ ಹೆಸರು ನಮಗೆ ತಿಳಿಯಲಿಲ್ಲ.

ಟಿಕೆಟ್ಟಿನ ದರವನ್ನು ಲೆಕ್ಕ ಹಾಕುವುದು ‘ಸ್ಟೇಜ್’ ಎಂಬ ಅಳತೆಯಿಂದ. ನಗರದಲ್ಲಿ ಸುಮಾರು ಎರಡು ಕಿಲೋಮೀಟರಿಗೆ ಒಂದು ಸ್ಟೇಜು. ನಡುವೆ ಎಲ್ಲಿ ಹತ್ತಿದರೂ ಇಳಿದರೂ ಪೂರಾ ಸ್ಟೇಜಿನ ಲೆಕ್ಕವೇ. ೨೦೨೫ರ ಜನವರಿ ೫ರಿಂದ ದರಗಳು ಶೇಕಡಾ ೧೫ರಷ್ಟು ಏರಿದುವು. ಇನ್ನು ‘ಶೆಡ್ಯೂಲ್’ ಎಂಬ ಮಾತು: ಒಂದು ಬಸ್ಸು ಬೆಳಿಗ್ಗೆ ಡಿಪೋದಿಂದ ಹೊರಟು ರಾತ್ರಿ ಡಿಪೋಕ್ಕೆ ಹಿಂದಿರುಗುವವರೆಗೆ ಯಾವ ಯಾವ ವೇಳೆಗೆ ಎಲ್ಲೆಲ್ಲಿ ಇರತಕ್ಕದ್ದೆಂಬುದರ ಪಟ್ಟಿಗೆ ಆ ಹೆಸರು. ನಮ್ಮ ಶಾಲೆಯ ಟೈಂಟೇಬಲ್ಲಿಗೂ ಅದಕ್ಕೂ ಹೆಚ್ಚಿನ ಭೇದವಿಲ್ಲ. ಒಬ್ಬ ಉಪಾಧ್ಯಾಯಿನಿ ರಜೆ ಹಾಕಿದರೆ ಆ ದಿನದ ಅಷ್ಟೂ ಪೀರಿಯಡ್ಡುಗಳು ಹೇಗೆ ಏರುಪೇರಾಗುವುವೋ, ಒಂದು ಗಾಡಿ ಕೆಟ್ಟರೆ ಅದರ ಆ ದಿನದ ಟ್ರಿಪ್ಪುಗಳೆಲ್ಲವೂ ಹಾಗೆಯೇ ಬಿದ್ದುಹೋಗುವುವು.

ಈಗ ಎಲ್ಲ ತಾಯಿತಂದೆಗಳೂ ನನ್ನನ್ನು ಕೇಳುವ ಪ್ರಶ್ನೆಗೆ ಬರುವೆನು. ‘ಅರ್ಧ ಗಂಟೆ ಒಂದು ಬಸ್ಸೂ ಇಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತವಲ್ಲಾ, ಇದೇನು ಮಿಸ್?’ ಎಂದು. ಡ್ರೈವರುಗಳು ಎಲ್ಲಿಯೋ ಕುಳಿತು ಕಾಫಿ ಕುಡಿದು ಜೊತೆಯಾಗಿ ಹೊರಡುವರೆಂದು ಜನರ ನಂಬಿಕೆ. ನಿಜವಾದ ಕಾರಣವು ಬೇರೆ. ಹದಿನೈದು ನಿಮಿಷಕ್ಕೊಂದರಂತೆ ಎರಡು ಬಸ್ಸುಗಳು ಹೊರಟುವೆಂದು ಇಟ್ಟುಕೊಳ್ಳಿರಿ. ಮೊದಲನೆಯದು ಎಲ್ಲಿಯೋ ಮೂರು ನಿಮಿಷ ಸಿಕ್ಕಿಬಿದ್ದಿತು. ಮುಂದಿನ ಸ್ಟಾಪಿನಲ್ಲಿ ಹದಿನೈದು ನಿಮಿಷದ ಜನರಿಗೆ ಬದಲಾಗಿ ಹದಿನೆಂಟು ನಿಮಿಷದ ಜನರು ಕೂಡಿರುವರು. ಅವರು ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಕು. ಆದುದರಿಂದ ಬಸ್ಸು ಇನ್ನೂ ತಡವಾಗುವುದು. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಹೆಚ್ಚು ಜನರು. ಹಿಂದಿನ ಬಸ್ಸಿಗಾದರೋ ಪ್ರತಿ ಸ್ಟಾಪಿನಲ್ಲಿಯೂ ಹನ್ನೆರಡು ನಿಮಿಷದ ಜನರು ಮಾತ್ರ. ಅದು ಬೇಗ ಬೇಗ ಹೊರಡುವುದು. ತಡವಾದುದು ತಡವಾಗುತ್ತಲೂ ಬೇಗನೆ ಬಂದುದು ಬೇಗನಾಗುತ್ತಲೂ ಹೋಗಿ ಕೊನೆಗೆ ಎರಡೂ ಒಂದರ ಬೆನ್ನಿಗೆ ಒಂದು ಅಂಟಿಕೊಳ್ಳುವುವು. ಮುಂದಿನದರಲ್ಲಿ ಬಾಗಿಲವರೆಗೆ ಜನ, ಹಿಂದಿನದರಲ್ಲಿ ಖಾಲಿ ಆಸನ. ಜಗತ್ತಿನ ಎಲ್ಲ ದೊಡ್ಡ ಊರುಗಳಲ್ಲಿಯೂ ಹೀಗೆಯೇ ಆಗುವುದು. ಇದನ್ನು ತಪ್ಪಿಸಬೇಕಾದರೆ ಹಿಂದಿನ ಬಸ್ಸನ್ನು ಎಲ್ಲಿಯಾದರೂ ತಡೆದು ನಿಲ್ಲಿಸಬೇಕು. ಆದರೆ ಅದರೊಳಗಿರುವ ಪ್ರಯಾಣಿಕರು ಸುಮ್ಮನೆ ಇರುವರೆ?

ಈ ಲೆಕ್ಕವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ; ಕಲಿತ ರೀತಿಯನ್ನು ಹೇಳುವುದಕ್ಕೆ ನನಗೆ ಸಂತೋಷವಿಲ್ಲ. ಟ್ರೇನಿಂಗ್ ಮುಗಿಸಿ ಬೇರೊಂದು ಊರಿನಲ್ಲಿ ಸಹೋಪಾಧ್ಯಾಯಿನಿಯಾಗಿದ್ದಾಗ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ವಾರದಲ್ಲಿ ಎರಡು ಮೂರು ದಿನ ಪ್ರಾರ್ಥನೆ ಮುಗಿದ ಮೇಲೆ ಬರುವಳು. ‘ಬಸ್ಸು ಬರಲಿಲ್ಲ, ಮಿಸ್’ ಎಂಬ ಒಂದೇ ಉತ್ತರ. ‘ಹತ್ತು ನಿಮಿಷ ಮುಂಚೆ ಮನೆ ಬಿಡು’ ಎಂದು ನಾನು ಹೇಳಿ, ಶಾಲೆಯ ಕ್ರಮದಂತೆ ಮೊದಲನೆಯ ಪೀರಿಯಡ್ಡು ಅವಳನ್ನು ಹೊರಗೆ ನಿಲ್ಲಿಸುತ್ತಿದ್ದೆನು. ಒಂದು ದಿನ ಅವಳ ತಾಯಿ ಬಂದು, ‘ಅಮ್ಮಾ, ಮಗಳು ನಿತ್ಯವೂ ಹೊರಗೆ ನಿಲ್ಲುವುದನ್ನು ಅವರಪ್ಪ ಕಂಡರೆ ಶಾಲೆ ಬಿಡಿಸಿಬಿಡುತ್ತಾರೆ’ ಎಂದು ಮೆಲ್ಲನೆ ಹೇಳಿಹೋದರು. ನಾನು ಅದನ್ನು ನೆವವೆಂದು ತಿಳಿದೆನು. ಅರ್ಧ ವಾರ್ಷಿಕ ಪರೀಕ್ಷೆಯಾದ ಮೇಲೆ ಹುಡುಗಿಯು ಬರಲಿಲ್ಲ. ವಿಚಾರಿಸಲು ಅವಳ ಮನೆಗೆ ಹೊರಟವಳು ಅದೇ ಬಸ್ ಸ್ಟಾಪಿನಲ್ಲಿ ಇಳಿದೆನು. ಮನೆಯಲ್ಲಿ ಅವಳು ಊದುಬತ್ತಿ ಹೊಸೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದಳು. ತಂದೆಯು ಒಪ್ಪಲಿಲ್ಲ. ಆಮೇಲೆ ಒಂದು ವಾರ ನಾನು ಬೆಳಿಗ್ಗೆ ಆ ಸ್ಟಾಪಿಗೆ ಹೋಗಿ, ಬಸ್ಸುಗಳು ಬಂದ ವೇಳೆಯನ್ನು ಗಡಿಯಾರ ನೋಡಿ ಬರೆದುಕೊಂಡೆನು. ಹತ್ತು ನಿಮಿಷವಲ್ಲ, ಇಪ್ಪತ್ತು ನಿಮಿಷ ಮುಂಚೆ ಮನೆ ಬಿಟ್ಟಿದ್ದರೂ ವಾರದಲ್ಲಿ ಎರಡು ದಿನ ಅವಳಿಗೆ ಸಿಕ್ಕುತ್ತಿದ್ದುದು ಅದೇ ಬಸ್ಸು. ಅವಳು ಹೇಳಿದುದೆಲ್ಲವೂ ನಿಜವಾಗಿತ್ತು.

ಆದಕಾರಣ ಈ ಶಾಲೆಯಲ್ಲಿ ಬಸ್ಸಿನಿಂದ ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸತಕ್ಕದ್ದಲ್ಲವೆಂದು ಕ್ರಮ ಮಾಡಿದ್ದೇನೆ. ಅವಳು ಕಛೇರಿಯ ಪುಸ್ತಕದಲ್ಲಿ ಮಾರ್ಗದ ಸಂಖ್ಯೆಯನ್ನೂ ವೇಳೆಯನ್ನೂ ಬರೆದು ತರಗತಿಗೆ ಹೋಗುವಳು. ಕೆಲವರು ಇದರಿಂದ ಶಿಸ್ತು ಕೆಡುವುದೆಂದರು. ಸುಳ್ಳು ಹೇಳುವವಳು ಮೂರನೆಯ ದಿನಕ್ಕೆ ಸಿಕ್ಕಿಬೀಳುವಳು. ಏಕೆಂದರೆ ಅದೇ ಮಾರ್ಗದಲ್ಲಿ ಬರುವ ಇನ್ನೂ ಹತ್ತು ಮಂದಿ ಇರುವರು. ಒಂದೇ ಮಾರ್ಗದ ತಡವು ಪುಸ್ತಕದಲ್ಲಿ ಹದಿನೈದು ದಿನ ಕಂಡರೆ ಆ ಹಾಳೆಯ ನಕಲನ್ನು ಡಿಪೋಕ್ಕೆ ಕಳುಹಿಸಬಹುದು. ಬಾಯಿಮಾತಿನ ದೂರಿಗಿಂತ ಅಂಕಿಗಳ ಪಟ್ಟಿಗೆ ಬೇಗ ಉತ್ತರ ಬರುತ್ತದೆ.

ಬೇರೆ ಕಡೆಗಳಲ್ಲಿ ಬಸ್ಸುಗಳನ್ನು ನಡೆಸುವ ಕ್ರಮವನ್ನೂ ಸ್ವಲ್ಪ ನೋಡುವ. ನಮ್ಮ ರಾಜ್ಯದ ಕರಾವಳಿಯಲ್ಲಿ ಖಾಸಗಿಯವರೇ ಬಹುಮಟ್ಟಿಗೆ ನಡೆಸುತ್ತಾ ಬಂದಿದ್ದಾರೆ. ಮಂಗಳೂರಿನ ಸಿ.ಪಿ.ಸಿ. ಕಂಪನಿಯು ೧೯೧೪ರಲ್ಲಿಯೇ ಆರಂಭವಾಯಿತು. ಅಲ್ಲಿ ಸಂಗ್ರಹವಾದ ಹಣವು ಬಸ್ಸಿನವನದೇ ಆದುದರಿಂದ ಎದುರಾಳಿಗಿಂತ ಒಂದು ನಿಮಿಷ ಮುಂದೆ ಸ್ಟಾಪಿಗೆ ತಲಪುವುದೇ ಲಾಭ. ಬಸ್ಸುಗಳು ಚುರುಕು, ಕಂಡಕ್ಟರುಗಳು ಕರೆದು ಹತ್ತಿಸಿಕೊಳ್ಳುವರು. ಆದರೆ ಓಟದ ಪೈಪೋಟಿಯ ಭಯವೂ ಉಂಟು. ಮಲೆನಾಡಿನ ಕೊಪ್ಪದಲ್ಲಿ ೧೯೯೧ರಲ್ಲಿ ಒಂದು ವಿಶೇಷವು ನಡೆಯಿತು. ಖಾಸಗಿ ಕಂಪನಿಯೊಂದು ನಿಂತುಹೋಗಲು ಅದರ ಕಾರ್ಮಿಕರೇ ಕೂಡಿ ‘ಸಹಕಾರ ಸಾರಿಗೆ’ ಎಂಬ ಸಂಘವನ್ನು ಕಟ್ಟಿ ತಾವೇ ಬಸ್ಸುಗಳನ್ನು ನಡೆಸಿದರು. ಡ್ರೈವರೇ ಒಡೆಯ, ಕಂಡಕ್ಟರೇ ಒಡೆಯ. ಕಾಡಿನ ನಡುವಿನ ಹಳ್ಳಿಗಳಿಗೆ ಅದರ ಬಸ್ಸೇ ಆಧಾರವಾಗಿದ್ದಿತು. ಸುಮಾರು ಮೂವತ್ತು ವರ್ಷ ನಡೆದು ೨೦೨೦ರಲ್ಲಿ ಅದು ನಿಂತಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಆ ಕಡೆಯ ಶಾಲೆಗಳ ಹಾಜರಿ ಪುಸ್ತಕಗಳು ಕಣ್ಣ ಮುಂದೆ ಬಂದುವು.

ಇಂಗ್ಲೆಂಡಿನಲ್ಲಿ ೧೯೮೬ರಲ್ಲಿ ಲಂಡನ್ ಒಂದನ್ನು ಬಿಟ್ಟು ಉಳಿದ ಕಡೆಗಳಲ್ಲಿ, ಯಾವ ಕಂಪನಿಯಾದರೂ ಲಾಭ ಕಂಡ ಮಾರ್ಗದಲ್ಲಿ ಬಸ್ಸು ನಡೆಸಬಹುದೆಂದು ಬಿಟ್ಟುಕೊಟ್ಟರು. ಜನ ಹೆಚ್ಚಾದ ಬೀದಿಗೆ ಹತ್ತು ಕಂಪನಿ, ಲಾಭವಿಲ್ಲದ ಮೂಲೆಗೆ ಒಂದೂ ಇಲ್ಲ ಎಂಬಂತಾಗುವುದು ಸಹಜವೇ. ಮ್ಯಾಂಚೆಸ್ಟರಿನ ಸುತ್ತಣ ಪ್ರಾಂತದವರು ೨೦೨೩ರ ಸೆಪ್ಟೆಂಬರಿನಿಂದ ಹಂತಹಂತವಾಗಿ ಮಾರ್ಗ, ದರ, ವೇಳೆಗಳನ್ನು ಸ್ಥಳೀಯ ಆಡಳಿತದ ಕೈಗೆ ಹಿಂತೆಗೆದುಕೊಂಡು, ಕಂಪನಿಗಳು ಗುತ್ತಿಗೆಯಿಂದ ನಡೆಸುವಂತೆ ಮಾಡಿದರು. ಆ ಕೆಲಸವು ಪೂರ್ಣವಾದುದು ೨೦೨೫ರ ಜನವರಿ ೫ರಂದು, ನಮ್ಮಲ್ಲಿ ದರವೇರಿದ ದಿನವೇ. ನಾವು ಸರಕಾರದ ಸ್ವಂತ ಬಸ್ಸಿನಿಂದ ಗುತ್ತಿಗೆಯ ಕಡೆಗೆ, ಅವರು ಬಿಟ್ಟ ಪೈಪೋಟಿಯಿಂದ ಗುತ್ತಿಗೆಯ ಕಡೆಗೆ, ಹೀಗೆ ಎರಡು ದಿಕ್ಕುಗಳಿಂದ ನಡೆದು ಒಂದೇ ಕಡೆಗೆ ಬರುತ್ತಿರುವಂತೆ ತೋರುತ್ತದೆ. ಗುತ್ತಿಗೆಯವನಿಗೆ ಬಸ್ಸು ತುಂಬಿದರೂ ಒಂದೇ, ಖಾಲಿಯಿದ್ದರೂ ಒಂದೇ; ಪೈಪೋಟಿಯ ಓಟವು ತಪ್ಪುವುದು. ಆದರೆ ಸ್ಟಾಪಿನಲ್ಲಿ ನಿಂತ ಮಗುವಿಗಾಗಿ ಗಾಡಿಯನ್ನು ನಿಲ್ಲಿಸಬೇಕೆಂಬ ಆಸಕ್ತಿಯು ಎಲ್ಲಿಂದ ಬರಬೇಕು? ಅದನ್ನು ಗುತ್ತಿಗೆಯ ಪತ್ರದಲ್ಲಿ ಬರೆದು, ಯಾರಾದರೂ ನಿಂತು ನೋಡಿದರೆ ಮಾತ್ರ ಬಂದೀತು ಎಂದು ನನ್ನ ಅಭಿಪ್ರಾಯ.

ಮೆಟ್ರೋ ರೈಲು ಬಂದ ಮೇಲೆ ಬಸ್ಸು ಏತಕ್ಕೆ ಎನ್ನುವವರುಂಟು. ಬೆಂಗಳೂರಿನ ಮೊದಲ ಮೆಟ್ರೋ ೨೦೧೧ರ ಅಕ್ಟೋಬರ್ ೨೦ರಂದು ನಮ್ಮ ಪೂರ್ವ ಭಾಗದಲ್ಲಿಯೇ, ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ, ಆರಂಭವಾಯಿತು. ೨೦೨೩ರ ಮಾರ್ಚಿಯಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗಿನ ಭಾಗವು ತೆರೆಯಿತು. ಆದರೆ ಕೃಷ್ಣರಾಜಪುರಕ್ಕೂ ಬೈಯಪ್ಪನಹಳ್ಳಿಗೂ ನಡುವಣ ತುಂಡು ಅದೇ ವರ್ಷದ ಅಕ್ಟೋಬರಿನವರೆಗೆ ಬಾಕಿಯಿದ್ದಿತು. ಆ ಆರು ತಿಂಗಳು ಆ ಎರಡು ತುದಿಗಳನ್ನು ಕೂಡಿಸಿದುದು ಬಸ್ಸೇ.

ಕೊನೆಗೆ, ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ೨೦೨೩ರ ಜೂನ್ ೧೧ರಿಂದ ‘ಶಕ್ತಿ’ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಸ್ತ್ರೀಯರಿಗೂ ಹುಡುಗಿಯರಿಗೂ ಸರಕಾರದ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿರುತ್ತದೆ. ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸುಗಳಿಗೆ ಇದು ಸಲ್ಲದು. ಉಚಿತವೆಂದರೆ ಸೋಮಾರಿತನವೆಂದೂ, ಬಸ್ಸುಗಳು ತುಂಬಿ ತುಳುಕುವುವೆಂದೂ ಟೀಕಿಸುವವರ ಮಾತನ್ನು ನಾನು ಕೇಳಿದ್ದೇನೆ. ತುಂಬುವುದು ನಿಜ. ಆದರೆ ಇಪ್ಪತ್ತು ವರ್ಷಗಳಿಂದ ನಾನು ಪ್ರವೇಶದ ಅರ್ಜಿಗಳನ್ನು ನೋಡುತ್ತಾ ಬಂದವಳು. ಒಂದು ಮನೆಯಲ್ಲಿ ಅಣ್ಣನೂ ತಂಗಿಯೂ ಇದ್ದು ಒಬ್ಬರ ಬಸ್ಸಿನ ಹಣ ಮಾತ್ರ ಒದಗುವುದಾದರೆ ಅದು ಯಾರಿಗೆ ಸಲ್ಲುತ್ತಿತ್ತೆಂಬುದನ್ನು ನಾನು ಹೇಳಬೇಕಾಗಿಲ್ಲ. ತಂಗಿಯನ್ನು ಹತ್ತಿರದ ಶಾಲೆಗೆ, ಹತ್ತಿರದಲ್ಲಿ ಇಲ್ಲದಿದ್ದರೆ ಮನೆಗೆಲಸಕ್ಕೆ. ಹತ್ತನೆಯ ತರಗತಿಯಾದ ಬಳಿಕ ದೂರದ ಕಾಲೇಜಿಗೆ ಸೇರುವ ಮಾತು ಬಂದಾಗ ತಂದೆಯು ಮೊದಲು ಕೇಳುತ್ತಿದ್ದುದು ‘ಪಾಸಿಗೆ ಎಷ್ಟಾಗುತ್ತದೆ?’ ಎಂದು. ಈಚಿನ ಎರಡು ವರ್ಷಗಳಲ್ಲಿ ನನ್ನ ಕೋಣೆಯಲ್ಲಿ ಆ ಪ್ರಶ್ನೆಯು ಬಹಳ ಕಡಿಮೆಯಾಗಿದೆ.

ಉಚಿತ ಪ್ರಯಾಣಕ್ಕೂ ಟಿಕೆಟ್ಟು ಉಂಟು. ಅದಕ್ಕೆ ಶೂನ್ಯ ದರದ ಟಿಕೆಟ್ಟೆಂದು ಹೆಸರು. ‘ದುಡ್ಡಿಲ್ಲದ ಚೀಟಿ ಏತಕ್ಕೆ?’ ಎಂದು ಕೆಲವು ಮಕ್ಕಳು ಅದನ್ನು ಕೇಳಿ ಪಡೆಯುವುದೇ ಇಲ್ಲ. ಇದು ತಪ್ಪು. ಆ ಪ್ರಯಾಣದ ಹಣವನ್ನು ಸರಕಾರವು ನಿಗಮಕ್ಕೆ ತುಂಬಿಕೊಡತಕ್ಕದ್ದು. ಎಷ್ಟೆಂದು ಲೆಕ್ಕ ಹಾಕುವುದು ಈ ಚೀಟಿಗಳಿಂದಲೇ. ಚೀಟಿಯಿಲ್ಲದೆ ಪ್ರಯಾಣ ಮಾಡಿದ ಹುಡುಗಿಯು ಲೆಕ್ಕದಲ್ಲಿ ಆ ಬಸ್ಸಿನೊಳಗೆ ಇರಲೇ ಇಲ್ಲ. ಒಂದು ಮಾರ್ಗದಲ್ಲಿ ಎಷ್ಟು ಮಂದಿ ಹತ್ತುವರು, ಇನ್ನೊಂದು ಟ್ರಿಪ್ಪು ಬೇಕೇ ಬೇಡವೇ ಎಂಬುದನ್ನು ನೋಡುವವರಿಗೂ ಈ ಚೀಟಿಗಳೇ ಸಾಕ್ಷಿ. ೨೦೨೫ರ ಜುಲೈ ತಿಂಗಳಿನಲ್ಲಿ ರಾಜ್ಯದಲ್ಲಿ ಇಂಥ ಪ್ರಯಾಣಗಳ ಸಂಖ್ಯೆಯು ೫೦೦ ಕೋಟಿಯನ್ನು ಮುಟ್ಟಿತು. ಅದರಲ್ಲಿ ನಮ್ಮ ಮಕ್ಕಳ ಚೀಟಿಗಳೂ ಸೇರಿರಲೆಂದು ನನ್ನ ಆಸೆ.

ಇಲ್ಲಿ ಒಂದು ತೊಡಕನ್ನು ತಾಯಿತಂದೆಗಳು ಗಮನಿಸಬೇಕು. ಲಿಂಗರಾಜಪುರದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಕೇಳಿಸುತ್ತವೆ. ನಮ್ಮ ಕೆಲವು ಕುಟುಂಬಗಳು ನೆರೆಯ ರಾಜ್ಯಗಳಿಂದ ಬಂದು ಇನ್ನೂ ಅಲ್ಲಿನ ಗುರುತಿನ ಚೀಟಿಗಳನ್ನೇ ಇಟ್ಟುಕೊಂಡಿವೆ. ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕಾಗುವುದು. ಅದಿಲ್ಲದ ಮಗುವಿಗೆ ಕಂಡಕ್ಟರು ಟಿಕೆಟ್ಟಿನ ಹಣವನ್ನು ಕೇಳಿದರೆ ಅದು ಅವರ ತಪ್ಪಲ್ಲ. ಅಂಥವರು ಆಧಾರ್ ಚೀಟಿಯಲ್ಲಿ ವಿಳಾಸವನ್ನು ಬದಲಾಯಿಸಿಕೊಳ್ಳಬೇಕು; ಅಲ್ಲಿಯವರೆಗೆ ವಿದ್ಯಾರ್ಥಿ ಪಾಸಿಗೆ ಸೇವಾಸಿಂಧು ಮೂಲಕ ಅರ್ಜಿ ಹಾಕಬಹುದು. ಪಾಸಿಗೆ ಬೇಕಾಗುವ ವ್ಯಾಸಂಗದ ದೃಢೀಕರಣ ಪತ್ರವನ್ನು ಶಾಲೆಯ ಕಛೇರಿಯಲ್ಲಿ ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಮಧ್ಯಾಹ್ನ ಮೂರು ಗಂಟೆಯಿಂದ ನಾಲ್ಕರವರೆಗೆ ಕೊಡಲಾಗುವುದು. ಮಗಳ ಒಂದು ಭಾವಚಿತ್ರವನ್ನು ತರುವುದನ್ನು ಮರೆಯಬೇಡಿರಿ.